ತುಟಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ

ಹಿಂದಿನ ಸಂಚಿಕೆಯಲ್ಲಿ ಸೀಲಿಯಾಕ್ ಕಾಯಿಲೆಯ ಬಗ್ಗೆ ಬಂದ ಪತ್ರವೊಂದಕ್ಕೆ ಉತ್ತರಿಸುತ್ತ, ‘ಲಿಪ್‌ಸ್ಟಿಕ್ ಕಡೆಗೂ ಒಂದು ಕಣ್ಣಿಡಿ’ ಎಂದು ಕೊನೆಯಲ್ಲಿ ಬರೆದಿದ್ದೆ. ಆ ಒಂದು ಸಾಲನ್ನೇ ಹಿಡಿದು ಈ ಸಲ ಕಟ್ಟುಗಟ್ಟಲೆ ಪತ್ರಗಳು ಬಂದಿವೆ. ಹಲವರು ತುಂಬಾ ಹೆದರಿದ್ದಾರೆ. ಅಷ್ಟು ಹೆದರಬೇಕಾಗಿಲ್ಲ, ಹಾಗಂತ ಪೂರ್ತಿ ಮೈಮರೆಯುವ ಹಾಗೂ ಇಲ್ಲ. ಅದಕ್ಕೇ ಈ ಸಲದ ಪುಟಗಳೆಲ್ಲ ಇದೊಂದೇ ವಿಷಯಕ್ಕೆ.

ಹೊಸದಾಗಿ ಓದುತ್ತಿರುವವರಿಗಾಗಿ ಎರಡು ಮಾತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನಿಗೆ ಗ್ಲುಟೆನ್ ಎನ್ನುತ್ತಾರೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಅದು ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರ ಹೀರಿಕೊಳ್ಳುವ ಎಳೆಗಳು ಸವೆದುಹೋಗುತ್ತವೆ. ಇದಕ್ಕಿರುವ ಮದ್ದು ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು. ಇನ್ನು ಪತ್ರಗಳಿಗೆ ಬರೋಣ.

ಎಂಟು ತಿಂಗಳ ಹಿಂದೆ ಎಂಡೋಸ್ಕೋಪಿ ಮಾಡಿ ನನಗೆ ಸೀಲಿಯಾಕ್ ಇದೆ ಎಂದರು. ವಯಸ್ಸು 27. ಚಪಾತಿ, ರವೆ, ಮೈದಾ ಎಲ್ಲ ಬಿಟ್ಟಿದ್ದೇನೆ. ಬರುವ ವೈಶಾಖದಲ್ಲಿ ಮದುವೆ. ಮೇಕಪ್ ಸಾಮಾನಿನಲ್ಲೂ ಗ್ಲುಟೆನ್ ಇರುತ್ತದೆ ಎಂದು ತಿಳಿದು ನನ್ನ ಹತ್ತಿರ ಇದ್ದದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿಟ್ಟಿದ್ದೇನೆ. ನಂಬಿ ಹಚ್ಚಿಕೊಳ್ಳುವಂಥದ್ದನ್ನು ಆರಿಸುವುದು ಹೇಗೆ? ಅಥವಾ ಮದುವೆಯ ದಿನ ಬರಿ ಮುಖದಲ್ಲೇ ಕೂರಬೇಕೆ?
— ಓದುಗರು, ಹುಬ್ಬಳ್ಳಿ

ಆ ಚೀಲವನ್ನು ಎಸೆಯಬೇಡಿ ತಂಗಿ. ನೆಲಕ್ಕೆ ಒಂದು ಪೇಪರ್ ಹಾಸಿ, ಎಲ್ಲವನ್ನೂ ಸುರಿದು, ಎರಡು ಗುಡ್ಡೆ ಮಾಡಿ. ಬಾಯಿಗೆ ಹೋಗುವಂಥವು ಒಂದು ಕಡೆ, ಹೋಗದಂಥವು ಇನ್ನೊಂದು ಕಡೆ. ನಿಮ್ಮ ಕಾಯಿಲೆಯ ವಿಚಾರದಲ್ಲಿ ಮುಖ್ಯವಾದ ವಿಂಗಡಣೆ ಇದೇ.

ಗ್ಲುಟೆನ್ನಿನ ಕಣ ದೊಡ್ಡದು. ಗಾಯವಿಲ್ಲದ ಚರ್ಮವನ್ನು ದಾಟಿ ರಕ್ತಕ್ಕೆ ಇಳಿಯಲಾರದು. ಅದು ಕೆಡುಕು ಮಾಡುವುದು ಕರುಳಿನಲ್ಲಿ, ಕರುಳಿಗೆ ಇರುವ ದಾರಿ ಬಾಯಿ. ಹಾಗಾಗಿ ಫೌಂಡೇಶನ್, ಕಾಡಿಗೆ, ಐಶ್ಯಾಡೋ, ಉಗುರು ಬಣ್ಣ, ಶಾಂಪೂ ಎರಡನೆಯ ಗುಡ್ಡೆಗೆ ಹೋಗಲಿ. ಲಿಪ್‌ಸ್ಟಿಕ್, ಲಿಪ್ ಬಾಮ್, ಲಿಪ್ ಲೈನರ್, ಟೂತ್‌ಪೇಸ್ಟ್, ಮೌತ್‌ವಾಶ್ ಮೊದಲನೆಯದಕ್ಕೆ. ಕೈಗೆ ಹಚ್ಚುವ ಕ್ರೀಮನ್ನೂ ಮೊದಲನೆಯದಕ್ಕೇ ಸೇರಿಸಿ. ನಾವು ರೊಟ್ಟಿ ಮುರಿದು, ಅನ್ನ ಕಲಸಿ, ಬೆರಳಿನಿಂದಲೇ ಉಣ್ಣುವವರು. ಬಿಡಿ ಪೌಡರ್ ಹಾಕುವಾಗ ಬಾಯಿ ಮುಚ್ಚಿಕೊಂಡರೆ ಸಾಕು.

ಇನ್ನು ಲಿಪ್‌ಸ್ಟಿಕ್ ಎಷ್ಟು ಅಪಾಯ? ಇದನ್ನು ಲೆಕ್ಕ ಹಾಕಿಯೇ ನೋಡೋಣ, ಅಂಕಿ ಕಂಡರೆ ಅರ್ಧ ಭಯ ಇಳಿಯುತ್ತದೆ. ದಿನಕ್ಕೆ ಸರಾಸರಿ 24 ಮಿಲಿಗ್ರಾಂ ಲಿಪ್‌ಸ್ಟಿಕ್ ಹಚ್ಚುತ್ತಾರೆ, ಮೇಲಿಂದ ಮೇಲೆ ಹಚ್ಚಿಕೊಳ್ಳುವವರು 87 ಮಿಲಿಗ್ರಾಂ ಎಂದು ಅಮೆರಿಕದ ಸಂಶೋಧಕರು ಬಳಸುವ ಅಂದಾಜು ಇದೆ. ಅದಷ್ಟೂ ಹೊಟ್ಟೆಗೇ ಹೋಯಿತು ಎಂದಿಟ್ಟುಕೊಳ್ಳಿ. ಆಹಾರಕ್ಕೆ ‘ಗ್ಲುಟೆನ್ ಮುಕ್ತ’ ಎನ್ನಲು ಇರುವ ಮಿತಿ 20 ಪಿಪಿಎಂ, ಅಂದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ. ಆ ಮಿತಿಯಲ್ಲಿರುವ ಲಿಪ್‌ಸ್ಟಿಕ್‌ನಿಂದ ದಿನಕ್ಕೆ ಒಳಹೋಗುವ ಗ್ಲುಟೆನ್ ಒಂದು ಮಿಲಿಗ್ರಾಂನ ಎರಡು ಸಾವಿರದಲ್ಲಿ ಒಂದು ಪಾಲು. ನೂರಕ್ಕೆ ಒಂದು ಪಾಲು ಗೋಧಿ ಪ್ರೋಟೀನನ್ನೇ ಬೆರೆಸಿದ ಲಿಪ್‌ಸ್ಟಿಕ್ ಆದರೂ ಕಾಲು ಮಿಲಿಗ್ರಾಂ, ಹೆಚ್ಚು ಹಚ್ಚುವವರಿಗೆ ಒಂದು ಮಿಲಿಗ್ರಾಂನ ಒಳಗೆ. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ತಿಂದವರ ಕರುಳು ಕೆಟ್ಟಿತ್ತು. ದಿನಕ್ಕೆ 10 ಮಿಲಿಗ್ರಾಂನ ಒಳಗಿದ್ದರೆ ಬಹುತೇಕರಿಗೆ ತೊಂದರೆಯಿಲ್ಲ ಎಂಬುದು ಈಗ ವೈದ್ಯರು ಒಪ್ಪಿರುವ ಮಾತು. ಒಂದು ಚಪಾತಿಯಲ್ಲಿ ಎರಡೂವರೆ ಗ್ರಾಂನಷ್ಟು ಗ್ಲುಟೆನ್ ಇರುತ್ತದೆ. ಅದನ್ನು ಐವತ್ತು ಚೂರು ಮಾಡಿದರೆ ಒಂದು ಚೂರೇ 50 ಮಿಲಿಗ್ರಾಂ. ಆ ಚೂರಿಗೆ ಹೆದರಿ, ಲಿಪ್‌ಸ್ಟಿಕ್‌ಗೆ ಅಷ್ಟು ಹೆದರಬೇಡಿ.

ಹಾಗಾದರೆ ಯಾವುದನ್ನಾದರೂ ಹಚ್ಚಬಹುದೇ ಎಂದರೆ, ನಾನು ಬೇಡ ಎನ್ನುತ್ತೇನೆ. ಗೋಧಿಯಿಲ್ಲದ ಲಿಪ್‌ಸ್ಟಿಕ್ ಬೇಕಾದಷ್ಟು ಸಿಗುವಾಗ ಗೋಧಿ ಹಾಕಿದ್ದನ್ನೇ ತುಟಿಗೆ ಹಚ್ಚುವ ಅಗತ್ಯವಿಲ್ಲ. ಊಟದಲ್ಲಿ ಕಣ್ತಪ್ಪಿ ಸೇರುವ ಗ್ಲುಟೆನ್ ಹೇಗೂ ಸ್ವಲ್ಪ ಇದ್ದೇ ಇರುತ್ತದೆ, ಅದರ ಮೇಲೆ ಇನ್ನೊಂದು ಯಾಕೆ?

ಈಗ ಮೊದಲ ಗುಡ್ಡೆಯ ಒಂದೊಂದನ್ನೂ ಕೈಗೆತ್ತಿಕೊಂಡು ಪದಾರ್ಥಗಳ ಪಟ್ಟಿ ಓದಿ. ಅಕ್ಷರ ಸಾಸಿವೆಗಿಂತ ಚಿಕ್ಕದು. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ಸ್ಪಷ್ಟವಾಗಿ ಕಾಣುತ್ತದೆ. ‘ವೀಟ್’ ಎಂಬ ಪದ ಇಲ್ಲ ಎಂದ ಮಾತ್ರಕ್ಕೆ ಗೋಧಿ ಇಲ್ಲ ಎಂದಲ್ಲ. ಸೌಂದರ್ಯ ಸಾಮಗ್ರಿಯಲ್ಲಿ ಧಾನ್ಯಗಳು ತಮ್ಮ ಲ್ಯಾಟಿನ್ ಹೆಸರು ಹೊತ್ತು ಬರುತ್ತವೆ, ಯುರೋಪಿನಿಂದ ಬಂದ ಡಬ್ಬಿಗಳಲ್ಲಂತೂ ಎಷ್ಟೋ ಸಲ ಬರಿ ಲ್ಯಾಟಿನ್ನೇ. ಟ್ರಿಟಿಕಮ್ ವಲ್ಗೇರ್ ಎಂದರೆ ಗೋಧಿ. ಹಾರ್ಡಿಯಮ್ ವಲ್ಗೇರ್ ಬಾರ್ಲಿ. ಸೆಕೇಲ್ ಸಿರಿಯೇಲ್ ರೈ. ಅವೀನಾ ಸಟೈವಾ ಓಟ್ಸ್. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬೆರೆತಿರುವುದೇ ಹೆಚ್ಚು. ‘ಹೈಡ್ರೊಲೈಜ್ಡ್ ವೀಟ್ ಪ್ರೋಟೀನ್’ ಎಂದಿದ್ದರೆ ತುಟಿಗೆ ಬೇಡವೇ ಬೇಡ. ವೀಟ್ ಜರ್ಮ್ ಆಯಿಲ್, ಅಂದರೆ ಗೋಧಿ ಮೊಳಕೆಯ ಎಣ್ಣೆಯಲ್ಲಿ ಪ್ರೋಟೀನ್ ಅಂಶ ಅತ್ಯಲ್ಪ, ಆದರೂ ಲಿಪ್ ಬಾಮ್‌ನಲ್ಲಿ ಕಂಡರೆ ಬೇರೆಯದನ್ನು ಆರಿಸಿ. ಟೋಕೊಫೆರಾಲ್, ಟೋಕೊಫೆರಿಲ್ ಅಸಿಟೇಟ್ ಎಂದರೆ ವಿಟಮಿನ್ ಇ. ಅದು ಹೆಚ್ಚಾಗಿ ಸೋಯಾದಿಂದ ಬಂದದ್ದು ಇಲ್ಲವೇ ಕಾರ್ಖಾನೆಯಲ್ಲಿ ತಯಾರಾದದ್ದು, ಶುದ್ಧೀಕರಿಸಿದ್ದು. ಈ ಹೆಸರು ಕಂಡು ಒಳ್ಳೆಯ ಲಿಪ್‌ಸ್ಟಿಕ್ ಬಿಸಾಡಿದವರನ್ನು ನೋಡಿದ್ದೇನೆ.

ಇಲ್ಲಿ ಒಂದು ತೊಡಕಿದೆ. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪದಾರ್ಥಗಳ ಪಟ್ಟಿ ಕೊಡಬೇಕು, ಆದರೆ 30 ಗ್ರಾಂಗಿಂತ ಕಡಿಮೆ ತೂಕದ ಗಟ್ಟಿ ವಸ್ತುಗಳಿಗೂ 60 ಮಿಲಿಲೀಟರ್‌ಗಿಂತ ಕಡಿಮೆ ಇರುವ ದ್ರವಗಳಿಗೂ ಅದರಿಂದ ವಿನಾಯಿತಿ. ಲಿಪ್‌ಸ್ಟಿಕ್ ತೂಗುವುದು ಮೂರೂವರೆ ಗ್ರಾಂ. ಬಾಯಿಗೆ ಹೋಗುವ ವಸ್ತುವೇ ಪಟ್ಟಿಯಿಂದ ತಪ್ಪಿಸಿಕೊಳ್ಳಬಹುದು. ಒಳ್ಳೆಯ ಕಂಪನಿಗಳು ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲೆ ಹೇಗೂ ಮುದ್ರಿಸುತ್ತವೆ. ಎಲ್ಲೂ ಪಟ್ಟಿ ಸಿಗದಿದ್ದರೆ ಆ ಲಿಪ್‌ಸ್ಟಿಕ್ ನಿಮಗಲ್ಲ.

ಪಟ್ಟಿ ಸರಿಯಿದ್ದರೂ ಮನಸ್ಸು ಒಪ್ಪದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದು ಕೇಳಿ. ‘ಇದು ಗ್ಲುಟೆನ್ ಫ್ರೀನಾ?’ ಎಂದು ಮಾತ್ರ ಕೇಳಿದರೆ ‘ಹೌದು ಮೇಡಂ’ ಎಂಬ ಸಿದ್ಧ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಈ ಬಣ್ಣದ, ಈ ಬ್ಯಾಚಿನ ಲಿಪ್‌ಸ್ಟಿಕ್‌ನಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್‌ನಿಂದ ತೆಗೆದ ಯಾವುದಾದರೂ ಪದಾರ್ಥ ಇದೆಯೇ? ಅದೇ ಯಂತ್ರದಲ್ಲಿ ಗೋಧಿ ಪ್ರೋಟೀನ್ ಇರುವ ಬೇರೆ ಸರಕು ತಯಾರಾಗುತ್ತದೆಯೇ? ಸಿದ್ಧವಾದ ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದೀರಾ, ಎಷ್ಟು ಪಿಪಿಎಂ ಬಂದಿದೆ? ನನ್ನ ರೋಗಿಯೊಬ್ಬರು ಹೀಗೆ ಎರಡು ಕಂಪನಿಗಳಿಗೆ ಬರೆದಿದ್ದರು. ಒಂದರಿಂದ ‘ನಾವು ಗ್ಲುಟೆನ್ ಸೇರಿಸುವುದಿಲ್ಲ’ ಎಂಬ ಒಂದೇ ಸಾಲು ಬಂತು. ಇನ್ನೊಂದು ಕಂಪನಿ, ಯಾವ ಮೂರು ಬಣ್ಣಗಳಲ್ಲಿ ಗೋಧಿ ಮೊಳಕೆಯ ಎಣ್ಣೆ ಇದೆ ಎಂದು ಹೆಸರಿಸಿ, ಉಳಿದವನ್ನು ಬಳಸಬಹುದು ಎಂದು ಬರೆಯಿತು. ‘ನಮ್ಮ ಈ ಸರಕಿನಲ್ಲಿ ಇದೆ’ ಎಂದು ಒಪ್ಪಿಕೊಂಡ ಆ ಎರಡನೆಯ ಕಂಪನಿಯನ್ನು ನಾನು ನಂಬುತ್ತೇನೆ.

ಮದುವೆಗೆ ಬರುವ ಬ್ಯೂಟಿಷಿಯನ್‌ಗೆ ಮೊದಲೇ ಹೇಳಿ, ತುಟಿಯ ಬಣ್ಣ ಮತ್ತು ಬ್ರಷ್ ನಿಮ್ಮದೇ ಇರಲಿ. ಹತ್ತು ವಧುಗಳ ತುಟಿ ಸವರಿದ ಬ್ರಷ್‌ನಲ್ಲಿ ಯಾವ ಯಾವ ಲಿಪ್‌ಸ್ಟಿಕ್ ಇದೆಯೋ ಯಾರಿಗೂ ತಿಳಿಯದು, ಶುಚಿಯ ದೃಷ್ಟಿಯಿಂದಲೂ ಅದು ಬೇಡ. ಅರಿಸಿನದ ಶಾಸ್ತ್ರದಲ್ಲಿ ಮೈಗೆ ಹಚ್ಚುವ ಹಿಟ್ಟು ಗೋಧಿಯದಾಗದೆ ಕಡಲೆಹಿಟ್ಟೋ ಹೆಸರುಹಿಟ್ಟೋ ಆಗಿರಲಿ, ಸುತ್ತ ನಿಂತವರು ಕೆನ್ನೆಗೆ ಬಳಿಯುವಾಗ ಬಾಯಿಗೂ ಮೆತ್ತುತ್ತಾರೆ. ಇದೆಲ್ಲಕ್ಕಿಂತ ಹೆಚ್ಚಿನ ಜಾಗ್ರತೆ ಬೇಕಾದದ್ದು ಭೂಮದ ಊಟದಲ್ಲಿ. ನಗುತ್ತ ನಿಮ್ಮ ಬಾಯಿಗಿಡುವ ಚಿರೋಟಿಯ ತುತ್ತು, ಗೋಧಿ ಹುಗ್ಗಿಯ ತುತ್ತು ಸಾವಿರ ಲಿಪ್‌ಸ್ಟಿಕ್‌ಗಳಿಗೆ ಸಮ. ಹುಡುಗನ ಮನೆಯ ಹಿರಿಯರಿಗೆ ಈಗಲೇ ತಿಳಿಸಿ, ನಿಮ್ಮ ಎಲೆಗೆ ಹೆಸರುಬೇಳೆ ಪಾಯಸ ಬರಲಿ. ಸಂಕೋಚ ಬೇಡ. ಮುಖಕ್ಕೆ ಬೇಕಾದಷ್ಟು ಅಲಂಕಾರ ಮಾಡಿಕೊಳ್ಳಿ.

ಮಗಳಿಗೆ ಒಂಬತ್ತು ವರ್ಷ. ಸೀಲಿಯಾಕ್ ಗೊತ್ತಾಗಿ ಒಂದೂವರೆ ವರ್ಷವಾಯಿತು. ರಕ್ತದಲ್ಲಿ ಟಿಟಿಜಿ ಇನ್ನೂ ಇಳಿದಿಲ್ಲ. ಸೋಪು, ಶಾಂಪೂ, ಪೌಡರ್ ಎಲ್ಲವನ್ನೂ ಗ್ಲುಟೆನ್ ಫ್ರೀ ಎಂದು ಬರೆದಿರುವುದನ್ನೇ ತರಿಸುತ್ತಿದ್ದೇವೆ. ತಿಂಗಳಿಗೆ ಮೂರು ಸಾವಿರ ಹೆಚ್ಚಿಗೆ ಖರ್ಚಾಗುತ್ತಿದೆ. ನಾನು ಲಿಪ್‌ಸ್ಟಿಕ್ ಹಚ್ಚಿ ಅವಳಿಗೆ ಮುತ್ತು ಕೊಡುವುದನ್ನೂ ಬಿಟ್ಟಿದ್ದೇನೆ. ಇನ್ನೇನು ಮಾಡಲಿ?
— ಒಬ್ಬ ತಾಯಿ, ಶಿವಮೊಗ್ಗ

ಮೊದಲು ಮಗಳಿಗೆ ಮುತ್ತು ಕೊಡಿ. ಆ ಮೂರು ಸಾವಿರವನ್ನೂ ಉಳಿಸಿ. ಸೋಪು, ಶಾಂಪೂ ತೊಳೆದುಹೋಗುತ್ತವೆ. ಸೀಲಿಯಾಕ್ ಪತ್ತೆಗೆ ರಕ್ತದಲ್ಲಿ ಅಳೆಯುವ ಪ್ರತಿಕಾಯವೇ ಟಿಟಿಜಿ. ಮಗುವಿನಲ್ಲಿ ಅದು ಒಂದೂವರೆ ವರ್ಷವಾದರೂ ಇಳಿಯುತ್ತಿಲ್ಲ ಎಂದರೆ ಗ್ಲುಟೆನ್ ಹೊಟ್ಟೆಗೆ ಹೋಗುತ್ತಿರಬಹುದು, ಅದು ಸೋಪು, ಶಾಂಪೂವಿನಿಂದಲ್ಲ, ಹೆಚ್ಚಾಗಿ ಅಡುಗೆಮನೆಯಿಂದ ಬರುತ್ತಿರುತ್ತದೆ.

ನಿಮ್ಮ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಬರಿ ಇಂಗಲ್ಲ. ಅಪ್ಪಟ ಇಂಗಿನ ಘಾಟು ಅಡುಗೆಗೆ ತಡೆಯದು, ಅದಕ್ಕೇ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿ ಅಥವಾ ಮೈದಾ. ಒಗ್ಗರಣೆಗೆ ಹಾಕುವ ಒಂದು ಚಿಟಿಕೆ ಕಾಲು ಗ್ರಾಂ ಎನ್ನಿ, ಅದರಲ್ಲಿ ಅರ್ಧ ಗೋಧಿಹಿಟ್ಟು ಎನ್ನಿ. ಹತ್ತು ಮಿಲಿಗ್ರಾಂ ಆಸುಪಾಸು ಗ್ಲುಟೆನ್ ಆಯಿತು. ನಾಲ್ಕು ಜನರ ಮನೆಯಲ್ಲಿ ಮಗುವಿನ ಪಾಲಿಗೆ ಎರಡೂವರೆ ಮಿಲಿಗ್ರಾಂ. ಸಾರಿಗೊಂದು ಚಿಟಿಕೆ, ಮಜ್ಜಿಗೆಗೊಂದು, ಪಲ್ಯಕ್ಕೊಂದು, ಉಪ್ಪಿನಕಾಯಿಯಲ್ಲಿ ಮೊದಲೇ ಸೇರಿರುವುದು ಇನ್ನಷ್ಟು. ದಿನದ ಮಿತಿ ಅಲ್ಲಿಗೇ ತುಂಬುತ್ತದೆ. ನಿಮ್ಮ ಲಿಪ್‌ಸ್ಟಿಕ್‌ನಿಂದ ಇದರ ಸಾವಿರದಲ್ಲೊಂದು ಪಾಲೂ ಹೋಗುವುದಿಲ್ಲ. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಹಿಟ್ಟು ಬೆರೆಸದ ಅಪ್ಪಟ ಇಂಗೂ ಸಿಗುತ್ತದೆ. ಡಬ್ಬಿ ಓದಿ ತನ್ನಿ.

ಎರಡನೆಯದು ಗಿರಣಿ. ರಾಗಿ, ಅಕ್ಕಿ, ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ನಿಮ್ಮ ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಸುರಿದರೆ ನಿಮ್ಮ ಹಿಟ್ಟಿನಲ್ಲಿ ಅವರ ಗೋಧಿ ಬಂದಿರುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಿ, ಅಥವಾ ಅಕ್ಕಿ-ರಾಗಿ ಮಾತ್ರ ಬೀಸುವ ಗಿರಣಿ ಹುಡುಕಿ. ಚಪಾತಿ ಬೇಯಿಸಿದ ಹಂಚು, ಲಟ್ಟಣಿಗೆ, ಉಪ್ಪಿಟ್ಟಿನ ಸೌಟು ಮಗಳ ಅಡುಗೆಗೆ ಬೇಡ.

ಮಕ್ಕಳ ವಿಚಾರದಲ್ಲಿ ಬಚ್ಚಲುಮನೆಯಿಂದ ನೋಡಬೇಕಾದದ್ದು ಟೂತ್‌ಪೇಸ್ಟ್ ಒಂದನ್ನೇ, ಅವರು ಅದನ್ನು ನುಂಗುತ್ತಾರೆ. 2019ರಲ್ಲಿ ಇಟಲಿಯ ಸಂಶೋಧಕರು ಹಲ್ಲು-ಬಾಯಿ ಶುಚಿ ಮಾಡುವ ಮತ್ತು ಅಲಂಕಾರದ 66 ವಸ್ತುಗಳನ್ನು ಪರೀಕ್ಷಿಸಿದರು. 62ರಲ್ಲಿ ಗ್ಲುಟೆನ್ 20 ಪಿಪಿಎಂನ ಒಳಗೇ ಇತ್ತು. ದಾಟಿದ ನಾಲ್ಕರಲ್ಲಿ ಮೂರು ಟೂತ್‌ಪೇಸ್ಟ್, ಒಂದು ಲಿಪ್‌ಸ್ಟಿಕ್. ಶಾಲೆಯಲ್ಲಿ ಆಡಲು ಕೊಡುವ ಬಣ್ಣದ ಮೆತ್ತನೆ ಹಿಟ್ಟು ಗೋಧಿಯದಾಗಿರಬಹುದು, ಆಡಿದ ಮೇಲೆ ಕೈ ತೊಳೆದುಕೊಳ್ಳಲಿ.

ಮೈಸೂರಿನ ಪ್ರದರ್ಶನವೊಂದರಲ್ಲಿ ಮನೆಯಲ್ಲಿ ಮಾಡಿದ ಲಿಪ್ ಬಾಮ್ ಕೊಂಡೆ. ‘ನೈಸರ್ಗಿಕ, ಹರ್ಬಲ್, ಗ್ಲುಟೆನ್ ಫ್ರೀ’ ಎಂದು ಚೀಟಿ ಅಂಟಿಸಿದ್ದರು. ನಂಬಬಹುದೇ?
— ಓದುಗರು, ಮೈಸೂರು

ಬರಿ ಆ ಚೀಟಿಯನ್ನು ನೋಡಿ ನಂಬಬೇಡಿ. ನೈಸರ್ಗಿಕ ಎಂಬ ಮಾತು ನಿಮಗೆ ರಕ್ಷಣೆಯಲ್ಲ, ಗೋಧಿಯೂ ನೈಸರ್ಗಿಕವೇ. ಬೀಜದ ಎಣ್ಣೆ, ಧಾನ್ಯದ ಸತ್ವ ಹಾಕಿದ್ದೇವೆ ಎಂದು ಹೆಮ್ಮೆಯಿಂದ ಹೇಳುವ ಸರಕಿನಲ್ಲೇ ಗೋಧಿ ಹುಡುಕಬೇಕಾಗುತ್ತದೆ.

‘ಗ್ಲುಟೆನ್ ಫ್ರೀ’ ಎಂಬ ಪದಕ್ಕೆ ಆಹಾರದ ಮೇಲೆ ಒಂದು ಅರ್ಥ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 20 ಪಿಪಿಎಂ ಎಂಬ ಗೆರೆ ಹಾಕಿದೆ. ಲಿಪ್ ಬಾಮ್ ಆಹಾರವಲ್ಲ. ಅದು ಬರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಮತ್ತು ಅದರಡಿಯ 2020ರ ನಿಯಮಗಳ ಕೆಳಗೆ. ಎಫ್‌ಎಸ್‌ಎಸ್‌ಎಐ ಗೆರೆ ಅಲ್ಲಿಗೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲೂ ಹೀಗೇ, ಅಲ್ಲಿನ ಆಹಾರ-ಔಷಧ ಆಡಳಿತ ಸಂಸ್ಥೆ ಎಫ್‌ಡಿಎ 2013ರಲ್ಲಿ ತಂದ ನಿಯಮ ಆಹಾರಕ್ಕೆ ಮಾತ್ರ.

ಮಾರುವುದಕ್ಕಾಗಿ ಸೌಂದರ್ಯ ಸಾಮಗ್ರಿ ಮಾಡುವವರಿಗೆ ಪರವಾನಗಿ ಬೇಕು, ಅದರ ಸಂಖ್ಯೆ ಡಬ್ಬಿಯ ಮೇಲೆ ಇರಬೇಕು. ನಿಮ್ಮ ಬಾಮ್‌ನ ಮೇಲೆ ಅದಿಲ್ಲದಿದ್ದರೆ ತುಟಿಗೆ ಹಚ್ಚಬೇಡಿ. ಇದ್ದರೆ, ಗ್ಲುಟೆನ್ ಪರೀಕ್ಷೆಯ ವರದಿ ಕೇಳಿ. ವರದಿಯಲ್ಲೂ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಮಾಡುವ ಸ್ಯಾಂಡ್‌ವಿಚ್ ಎಲೈಸಾ ಪರೀಕ್ಷೆ ಗ್ಲುಟೆನ್ನಿನ ಎಳೆಯನ್ನು ಎರಡು ಕಡೆ ಹಿಡಿದು ಎಣಿಸುತ್ತದೆ. ಹೈಡ್ರೊಲೈಜ್ ಮಾಡಿ ತುಂಡರಿಸಿದ ಪ್ರೋಟೀನಿನಲ್ಲಿ ಎರಡು ಹಿಡಿಕೆ ಉಳಿದಿರುವುದಿಲ್ಲ, ಅದು ಲೆಕ್ಕದಿಂದ ಜಾರುತ್ತದೆ. ಅಂಥ ಸರಕಿಗೆ ‘ಕಾಂಪಿಟಿಟಿವ್ ಎಲೈಸಾ’ ಆಗಬೇಕು. ತಯಾರಕರಿಗೆ ಈ ಪದ ಪರಿಚಯವಿದ್ದರೆ ಅವರು ಕೆಲಸ ತಿಳಿದು ಮಾಡುತ್ತಿದ್ದಾರೆ ಎಂದರ್ಥ.

ತುಟಿ ಒಡೆಯುವುದಕ್ಕೆ ನನ್ನ ಸಲಹೆ ಬಹಳ ಸರಳ. ಔಷಧ ಅಂಗಡಿಯ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಒಂದೇ ಪದಾರ್ಥ, ಓದಲು ಪಟ್ಟಿಯೂ ಬೇಡ. ಮನೆಯ ಬೆಣ್ಣೆ, ತುಪ್ಪವೂ ಆದೀತು.

ಹವ್ಯಾಸಿ ಯಕ್ಷಗಾನ ಕಲಾವಿದ. ಬಣ್ಣದ ವೇಷ ಮಾಡುತ್ತೇನೆ. ಕಳೆದ ವರ್ಷ ಸೀಲಿಯಾಕ್ ಎಂದಾಯಿತು. ಮುಖಕ್ಕೆ ಚಿಟ್ಟಿ ಇಡುವುದನ್ನು ಬಿಡಬೇಕೇ?
— ಓದುಗರು, ಉಡುಪಿ ಜಿಲ್ಲೆ

ಬಿಡಬೇಕಿಲ್ಲ. ಚಿಟ್ಟಿಗೆ ಅಕ್ಕಿಹಿಟ್ಟು, ಸುಣ್ಣ ಕಲಸುತ್ತೀರಿ, ಅದರಲ್ಲಿ ಗ್ಲುಟೆನ್ ಇಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ಅಕ್ಕಿಹಿಟ್ಟು ಮುಗಿದಾಗ ಯಾರೋ ಮೈದಾ ಕಲಸಿಕೊಡದ ಹಾಗೆ ನೋಡಿಕೊಳ್ಳಿ. ರಾತ್ರಿಯಿಡೀ ಬೆವರಿನೊಂದಿಗೆ ಅದು ತುಟಿಗೆ ಇಳಿಯುತ್ತದೆ. ನನಗೆ ಹೆಚ್ಚು ಕಳವಳ ಹಳೆಯ ಬಣ್ಣಗಳದ್ದು. ಅರದಾಳದಲ್ಲಿರುವುದು ಶಂಖಪಾಷಾಣದ ಅಂಶ, ಅಂದರೆ ಆರ್ಸೆನಿಕ್. ಇಂಗಳೀಕದಲ್ಲಿರುವುದು ಪಾದರಸ. ಅವು ಸೀಲಿಯಾಕ್ ಇಲ್ಲದವರಿಗೂ ಕೆಟ್ಟವು. ಹಿರಿಯರ ಪೆಟ್ಟಿಗೆಯಿಂದ ಬಂದ ಬಣ್ಣ ಇನ್ನೂ ಇದ್ದರೆ ಬಳಸಬೇಡಿ, ಒಳ್ಳೆಯ ಕಂಪನಿಯ ರಂಗಭೂಮಿಯ ಬಣ್ಣ ತರಿಸಿಕೊಳ್ಳಿ.

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ದಾವಣಗೆರೆಯಲ್ಲಿರುವ ತಂಗಿಗೆ ಸೀಲಿಯಾಕ್. ಬರುವಾಗ ಮೇಕಪ್ ಸಾಮಾನು ತರಬೇಕೆಂದಿದ್ದೇನೆ. ಯಾವ ಬ್ರ್ಯಾಂಡ್ ಒಳ್ಳೆಯದು ಹೇಳಿ.
— ಓದುಗರು, ನ್ಯೂಜೆರ್ಸಿ

ಬ್ರ್ಯಾಂಡ್ ಹೆಸರಿಸುವುದಿಲ್ಲ, ಅದಕ್ಕೆ ಕಾರಣವಿದೆ. ಒಂದೇ ಹೆಸರಿನ ಲಿಪ್‌ಸ್ಟಿಕ್‌ನಲ್ಲಿ ಒಂದು ಬಣ್ಣಕ್ಕೂ ಇನ್ನೊಂದಕ್ಕೂ, ಒಂದು ದೇಶಕ್ಕೂ ಇನ್ನೊಂದಕ್ಕೂ ಪದಾರ್ಥ ಬದಲಾಗಬಹುದು. ತಯಾರಿಕೆಯ ಸೂತ್ರವೇ ವರ್ಷದ ನಡುವೆ ಬದಲಾಗಬಹುದು. ಇಂದು ನಾನು ಹೊಗಳಿದ್ದನ್ನು ಇನ್ನೆರಡು ವರ್ಷದ ಮೇಲೆ ಯಾರೋ ಈ ಪುಟ ಕತ್ತರಿಸಿಟ್ಟುಕೊಂಡು ಕೊಳ್ಳುತ್ತಾರೆ. ನಿಮ್ಮ ಕಡೆ ಸ್ವತಂತ್ರ ಸಂಸ್ಥೆ ಪರೀಕ್ಷಿಸಿ ಕೊಡುವ ಪ್ರಮಾಣಪತ್ರದ ಗುರುತು ಕೆಲವು ಡಬ್ಬಿಗಳ ಮೇಲೆ ಇರುತ್ತದೆ. ‘ಜಿಎಫ್‌ಸಿಒ’ ಗುರುತಿಗೆ ಇರುವ ಮಿತಿ 10 ಪಿಪಿಎಂ, ಆಹಾರದ ನಿಯಮಕ್ಕಿಂತ ಬಿಗಿ. ತಂಗಿಗೆ ಎರಡು ಲಿಪ್‌ಸ್ಟಿಕ್ ತಂದರೆ ಸಾಕು. ಸರಾಸರಿ ಬಳಕೆಯಲ್ಲಿ ಒಂದು ಕಡ್ಡಿ ನಾಲ್ಕೈದು ತಿಂಗಳು ಬರುತ್ತದೆ. ರಟ್ಟಿನ ಪೆಟ್ಟಿಗೆಗಳನ್ನು ಜಾಗ ಉಳಿಸಲು ಅಲ್ಲೇ ಬಿಟ್ಟು ಬರಬೇಡಿ, ಪಟ್ಟಿ ಇರುವುದು ಅದರ ಮೇಲೆ.

ಗೋಧಿ ಪ್ರೋಟೀನ್ ಇರುವ ಫೇಸ್‌ವಾಶ್ ಒಂದು ವರ್ಷದಿಂದ ಬಳಸುತ್ತಿದ್ದೆ. ಇತ್ತೀಚೆಗೆ ಮುಖ ತೊಳೆದ ಕೂಡಲೇ ಕೆಂಪಾಗಿ ತುರಿಸುತ್ತದೆ. ಹೋದ ವಾರ ರಾತ್ರಿ ಚಪಾತಿ ಊಟ ಮಾಡಿ ಬಿರುಸಾಗಿ ನಡೆಯುತ್ತಿದ್ದಾಗ ಮೈಯೆಲ್ಲ ದದ್ದು ಎದ್ದು ಕಣ್ಣಿನ ರೆಪ್ಪೆ ಊದಿಕೊಂಡಿತು. ನನಗೂ ಸೀಲಿಯಾಕ್ ಇರಬಹುದೇ?
— ಓದುಗರು, ಕಲಬುರಗಿ

ಈ ಪತ್ರ ಓದಿದ ಕೂಡಲೇ ಸಂಪಾದಕರ ಮೂಲಕ ನಿಮಗೆ ಉತ್ತರ ಕಳಿಸಿದ್ದೇನೆ, ಉಳಿದವರಿಗೂ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದು ಸೀಲಿಯಾಕ್ ಅಲ್ಲ, ಗೋಧಿಯ ಅಲರ್ಜಿ ಇದ್ದ ಹಾಗಿದೆ. ಅದು ಬೇರೆಯೇ ಕಾಯಿಲೆ. ಸೀಲಿಯಾಕ್ ವರ್ಷಗಟ್ಟಲೆ ಮೆಲ್ಲಗೆ ಕರುಳು ಸವೆಸುತ್ತದೆ, ಅಲರ್ಜಿ ನಿಮಿಷಗಳಲ್ಲಿ ಉಸಿರು ಕಟ್ಟಿಸಬಲ್ಲದು. ಚರ್ಮದ ಮೇಲೆ ಹಚ್ಚಿದ ಗೋಧಿ ಲೆಕ್ಕಕ್ಕಿಲ್ಲ ಎಂದು ಮೇಲೆ ಹೇಳಿದೆನಲ್ಲ, ಆ ಮಾತು ಅಲರ್ಜಿಗೆ ಸಲ್ಲುವುದಿಲ್ಲ.

ಇದನ್ನು ಜಗತ್ತಿಗೆ ಕಲಿಸಿದ್ದು ಜಪಾನಿನ ಒಂದು ಸೋಪು. ಚಹಾದ ಹೆಸರಿನಲ್ಲಿ 2004ರಿಂದ ಮಾರಿದ ಆ ಮುಖದ ಸೋಪಿನಲ್ಲಿ, ನೊರೆ ಚೆನ್ನಾಗಿ ಬರಲೆಂದು, ಆಮ್ಲದಲ್ಲಿ ಕಾಯಿಸಿ ತುಂಡರಿಸಿದ ಗೋಧಿ ಪ್ರೋಟೀನ್ ಹಾಕಿದ್ದರು. ನೂರಕ್ಕೆ 0.3 ಪಾಲು ಮಾತ್ರ. ದಿನದಿನವೂ ಸೋಪಿನ ನೊರೆಯೊಂದಿಗೆ ಕಣ್ಣು, ಮೂಗಿನ ತೆಳು ಪದರಗಳಿಗೆ ತಾಗುತ್ತ ಬಂದ ಆ ತುಂಡುಗಳು ಹೆಂಗಸರ ದೇಹಕ್ಕೆ ಗೋಧಿಯನ್ನು ಶತ್ರು ಎಂದು ಕಲಿಸಿಬಿಟ್ಟವು. ಅದುವರೆಗೆ ಬ್ರೆಡ್, ನೂಡಲ್ಸ್ ಆರಾಮಾಗಿ ತಿನ್ನುತ್ತಿದ್ದವರು ತಿಂದು ನಾಲ್ಕು ಹೆಜ್ಜೆ ನಡೆದರೆ ರೆಪ್ಪೆ ಊದಿ, ದದ್ದು ಎದ್ದು, ಕೆಲವರು ಪ್ರಜ್ಞೆ ತಪ್ಪಿದರು. 2011ರಲ್ಲಿ ಸೋಪನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ತೊಂದರೆಗೆ ಸಿಕ್ಕಿದವರಲ್ಲಿ ದಾಖಲೆಗೆ ಬಂದವರೇ 2,111 ಮಂದಿ. ಇದಾದ ಮೇಲೆ ಯುರೋಪ್ ಒಕ್ಕೂಟ ಸೌಂದರ್ಯ ಸಾಮಗ್ರಿಗೆ ಹಾಕುವ ಗೋಧಿ ಪ್ರೋಟೀನಿನ ತುಂಡುಗಳ ಸರಾಸರಿ ಅಣುತೂಕ 3.5 ಕಿಲೋಡಾಲ್ಟನ್ ಮೀರಬಾರದು ಎಂದು ಕಾನೂನು ಮಾಡಿತು. ತುಂಡು ಅಷ್ಟು ಚಿಕ್ಕದಾದರೆ ಅಲರ್ಜಿ ಕೆರಳಿಸುವ ಸಾಧ್ಯತೆ ತೀರ ಕಡಿಮೆ.

ನಿಮ್ಮ ರೆಪ್ಪೆ ಊದಿದ್ದೂ, ನಡೆಯುವಾಗಲೇ ಊದಿದ್ದೂ ಇದೇ ಬಗೆ. ಫೇಸ್‌ವಾಶ್ ಇಂದೇ ನಿಲ್ಲಿಸಿ, ಬಾಟಲಿ ಎಸೆಯದೆ ಅಲರ್ಜಿ ತಜ್ಞರ ಹತ್ತಿರ ಒಯ್ಯಿರಿ. ಅವರನ್ನು ಕಾಣುವವರೆಗೆ ಗೋಧಿ ಮುಟ್ಟಬೇಡಿ. ಉಸಿರು ಬಿಗಿಯಾದರೆ, ತಲೆ ಸುತ್ತಿದರೆ ಕಾಯದೆ ಆಸ್ಪತ್ರೆಗೆ ಓಡಿ. ಇಂಥ ಸರಕಿನ ಬಗ್ಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರಹದಲ್ಲಿ ದೂರು ಕೊಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸಬಹುದು. ಜಪಾನಿನಲ್ಲಿ ಅಷ್ಟು ಜನರ ತೊಂದರೆ ಹೊರಬಿದ್ದದ್ದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಿದ್ದರಿಂದ.

ಮೊಡವೆ, ಹೊಟ್ಟೆಯುಬ್ಬರ, ಸುಸ್ತು. ಒಂದು ವಿಡಿಯೊ ನೋಡಿ ಎರಡು ತಿಂಗಳಿಂದ ಗೋಧಿ ಬಿಟ್ಟಿದ್ದೇನೆ, ಸ್ವಲ್ಪ ಹಗುರ ಎನಿಸುತ್ತಿದೆ. ಈಗ ಮೇಕಪ್ ಕೂಡ ಗ್ಲುಟೆನ್ ಫ್ರೀಗೆ ಬದಲಿಸಲೇ? ಹಿಮೋಗ್ಲೋಬಿನ್ 9 ಇದೆ, ಕಬ್ಬಿಣದ ಮಾತ್ರೆ ನುಂಗಿದರೂ ಏರುತ್ತಿಲ್ಲ.
— ಓದುಗರು, ಬೆಂಗಳೂರು

ನೀವು ಕೊನೆಯಲ್ಲಿ ಬರೆದ ಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್ ಸೀಲಿಯಾಕ್‌ನ ಗುರುತುಗಳಲ್ಲೊಂದು. ಕರುಳಿನ ಎಳೆ ಸವೆದಿದ್ದರೆ ಕಬ್ಬಿಣ ಸರಿಯಾಗಿ ಒಳಗೆ ಹೋಗುವುದಿಲ್ಲ. 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ 1.23 ಜನರಿಗೆ, ದಕ್ಷಿಣದಲ್ಲಿ 0.10 ಜನರಿಗೆ ಈ ಕಾಯಿಲೆ ಕಂಡಿತ್ತು. ನಮ್ಮ ಕಡೆ ಕಡಿಮೆ ಎಂಬ ಕಾರಣಕ್ಕೇ ವೈದ್ಯರಿಗೂ ಇದು ಬೇಗ ಹೊಳೆಯುವುದಿಲ್ಲ, ಹೆಂಗಸರ ರಕ್ತಹೀನತೆಯನ್ನು ಮುಟ್ಟಿನ ಲೆಕ್ಕಕ್ಕೆ ಹಾಕಿ ಮುಗಿಸುತ್ತಾರೆ.

ಆದರೆ ಗೋಧಿ ಬಿಟ್ಟು ಪರೀಕ್ಷೆಗೆ ಹೋದರೆ ಟಿಟಿಜಿ ಸುಳ್ಳು ಹೇಳಬಹುದು, ಎಂಡೋಸ್ಕೋಪಿಯಲ್ಲಿ ಕರುಳು ಸರಿಯಿದ್ದಂತೆ ಕಾಣಬಹುದು. ಆಗ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗದೆ ವರ್ಷಗಳು ಕಳೆಯುತ್ತವೆ. ಮೇಕಪ್ ಬದಲಿಸುವ ಮಾತು ಬದಿಗಿಡಿ. ಮೊಡವೆಗೂ ಗ್ಲುಟೆನ್ನಿಗೂ ನಂಟಿರುವುದಕ್ಕೆ ಪುರಾವೆಯಿಲ್ಲ. ಕ್ರೀಮಿನಿಂದ ಮುಖ ತುರಿಸಿದರೂ ಹೆಚ್ಚಿನ ಸಲ ತಪ್ಪು ಸುಗಂಧದ್ದು ಅಥವಾ ಕೆಡದಂತೆ ಹಾಕುವ ರಾಸಾಯನಿಕದ್ದು.

ಜಠರ-ಕರುಳಿನ ತಜ್ಞರನ್ನು ಈ ವಾರವೇ ಕಾಣಿ. ಎರಡು ತಿಂಗಳಿಂದ ಗೋಧಿ ಬಿಟ್ಟಿರುವುದನ್ನು ಮೊದಲೇ ಹೇಳಿ. ಎಷ್ಟು ದಿನ, ಎಷ್ಟು ಗೋಧಿ ಮತ್ತೆ ತಿಂದು ಪರೀಕ್ಷೆಗೆ ಬರಬೇಕು ಎಂದು ಅವರೇ ತಿಳಿಸುತ್ತಾರೆ. ಈ ಪುಟ ಓದುತ್ತಿರುವ ಎಲ್ಲರಲ್ಲೂ ನನ್ನ ಕೇಳಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಬ್ಬಿಣದ ಮಾತ್ರೆಗೂ ರಕ್ತ ಏರುತ್ತಿಲ್ಲ ಎಂದಾದರೆ, ಗೋಧಿ ಬಿಡಿಸುವ ಮೊದಲು ಟಿಟಿಜಿ ರಕ್ತಪರೀಕ್ಷೆ ಮಾಡಿಸಿ.